ಮೂಲೆ ತಿರುಗಿದರೆ ಆಕ್ರೆ

ಭೂಗೋಳ ಬಲ್ಲವರನ್ನೆಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸಿ, ಇನ್ನೊಂದರಲ್ಲಿ ಶ್ರೀಮತಿ ಲಿಂದಾಲ್ವಾ ಬೆಜೆರ್ರಾ ಅವರೊಬ್ಬರನ್ನೇ ಕೂರಿಸಿದರೆ, ಮೇಲಕ್ಕೆ ಹಾರುವವರು ಯಾರೆಂಬುದನ್ನು ಜುರುವಾ ನದಿಯ ಮೀನುಗಳೂ ಹೇಳಬಲ್ಲವು. ಜಗತ್ತಿನ ಐದನೆಯ ದೊಡ್ಡ ದೇಶವಾದ ಬ್ರೆಜಿಲಿನ ಪಶ್ಚಿಮದ ತುತ್ತತುದಿ ನಮ್ಮ ಆಕ್ರೆ ರಾಜ್ಯ. ಇಲ್ಲಿನ ಕ್ರುಜೇರೊ ದೊ ಸುಲ್ ಪಟ್ಟಣದ ನದೀತೀರದ ಶಾಲೆಯಲ್ಲಿ ಮೂರು ದಶಕಗಳ ಕಾಲ ಭೂಗೋಳ ಕಲಿಸಿ ಈಗ ನಿವೃತ್ತರಾಗುತ್ತಿರುವ ಅವರ ಗುಣಗಾನಕ್ಕೆ ಈ ಅಭಿನಂದನ ಸಂಪುಟದ ಪುಟಗಳು ಎಲ್ಲಿ ಸಾಕು? ಆಕ್ರೆಯಷ್ಟೇ ಅಗಲದ ಕಾಗದ ಬೇಕು.

"ಆಕ್ರೆ ಅನ್ನೋ ಜಾಗಾನೇ ಇಲ್ಲ, ಇದ್ರೂ ಅಲ್ಲಿ ಡೈನೋಸಾರ್ ಮೇಯ್ತಿರ್ತವೆ" ಎಂದು ನಮ್ಮನ್ನು ಹಂಗಿಸುವುದು ಕರಾವಳಿಯ ಮಹಾನಗರಗಳ ಹಳೆಯ ಚಾಳಿ. ತರಬೇತಿಗೆಂದು ದೇಶದ ರಾಜಧಾನಿಗೆ ಹೋಗಿದ್ದ ತರುಣಿ ಲಿಂದಾಲ್ವಾ ಈ ಮಾತು ಕೇಳಿ, "ಮೇಯ್ತವೆ. ನಾನೂ ಒಂದರ ಮೇಲೆ ಕೂತ್ಕೊಂಡೇ ಬಂದೆ. ಹೊರಗೆ ಕಟ್ಟಿದೀನಿ, ಒದೆಯುತ್ತೆ, ಹುಷಾರು" ಎಂದರಂತೆ. ಸಭಾಂಗಣದ ಅರ್ಧ ಜನ ಕಿಟಕಿಯಿಂದ ಇಣುಕಿದರು.

ನಕ್ಕು ಮರೆಯುವ ಜಾಯಮಾನ ಅವರದಲ್ಲ. ಪಠ್ಯಪುಸ್ತಕದ ಚರಿತ್ರೆ ಪೋರ್ಚುಗೀಸರ ಹಡಗು ನಿಂತ ಪೂರ್ವದ ಕಡಲಿನಿಂದ ಹೊರಟು, ಕಬ್ಬು, ಚಿನ್ನ, ಕಾಫಿಗಳ ಬಳಿ ತಂಗುತ್ತ ತಂಗುತ್ತ, ರಬ್ಬರ್ ಕಾಡಿನ ನಮ್ಮ ಅಜ್ಜಂದಿರು ಬ್ರೆಜಿಲಿಗೆ ಸೇರಲೆಂದು ಬೊಲಿವಿಯಾದೊಡನೆ ಕಾದಾಡಿದ ಪುಟಕ್ಕೆ ಬರುವಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತಿತ್ತು. ಅವರು ಮೊದಲ ದಿನವೇ ಆ ಕೊನೆಯ ಪುಟವನ್ನು ತೆರೆಸಿದರು. "ಉಳಿದೋರು ಹುಟ್ಟಿ ಬ್ರೆಜಿಲಿಗರಾದ್ರು, ನಾವು ಹಟ ಹಿಡಿದು ಆದೋರು. ರಾಜಧಾನೀಲಿ ಕತ್ತಲಾದ್ಮೇಲೂ ದೇಶಕ್ಕೆ ಬಿಸಿಲು ಉಳಿಸಿಡೋರು ಯಾರ್ರೋ?" ಎಂದರೆ, "ನಾವೇ!" ಎಂಬ ಕೂಗಿಗೆ ನದಿಯಾಚೆಯ ಗಿಳಿಗಳು ಪೆರುವಿನವರೆಗೆ ಹಾರಿಹೋಗುತ್ತಿದ್ದವು.

ಶಾಲೆಯ ಮುಂಗೋಡೆಯ ಮೇಲೆ ದೇಶದ ನಕ್ಷೆ ಬರೆಯಲು ಇಲಾಖೆ ಒಜಿಯೆಲ್ ಎಂಬ ಚಿತ್ರಕಾರರನ್ನು ಕಳಿಸಿತು. ಅವರೂ ರೂಢಿಯಂತೆ ಬಲಗಡೆಯ ಕಡಲಿನಿಂದಲೇ ಕುಂಚ ಹಿಡಿದರು. ನೆರೆಯ ರೊಂಡೋನಿಯಾ ರಾಜ್ಯ ಮುಗಿಯುವಷ್ಟರಲ್ಲಿ ಗೋಡೆಯೂ ಮುಗಿಯಿತು.

"ಏನಪ್ಪಾ, ನಮ್ಮನೆ ಎಲ್ಲಿ?"

"ಗೋಡೆ ಸಾಲಲಿಲ್ಲ ಟೀಚರ್, ನಾನೇನು ಮಾಡ್ಲಿ?"

"ಸಮುದ್ರಕ್ಕೆ ಅಷ್ಟು ನೀಲಿ ಸುರಿದಿದೀಯಲ್ಲ, ಅದರಲ್ಲಿ ಗಾಳ ಹಾಕ್ತೀಯಾ?"

ಸುದ್ದಿ ಇಲಾಖೆಗೆ ಮುಟ್ಟಿತು. ಅರೆಬರೆ ನಕ್ಷೆ ಶಾಲೆಯಲ್ಲಿರಕೂಡದು, ಅಧಿಕಾರಿ ಬಂದು ನೋಡಿ ಅಳಿಸಿಸುತ್ತಾರೆ ಎಂಬ ಆದೇಶದ ಹಿಂದೆಯೇ ಸುಣ್ಣದ ಡಬ್ಬಗಳೂ ಬಂದಿಳಿದವು. ಮಕ್ಕಳ ಮುಖ ಬಾಡಿತು. ಲಿಂದಾಲ್ವಾ ಅವರು ಮಾತ್ರ ಒಜಿಯೆಲ್ ಕೈಯಿಂದ ಕುಂಚ ಕಿತ್ತುಕೊಂಡು ಮೂಲೆ ತಿರುಗಿದರು. ಅಲ್ಲಿತ್ತು ಅಡುಗೆಮನೆಯ ಖಾಲಿ ಗೋಡೆ. ಅನ್ನನೀರು ಬಿಟ್ಟು ಬರೆದರೆಂದರೆ ಸುಳ್ಳಾದೀತು. ಅಡುಗೆಯ ಜುಲ್ಮಿರಾ ಕಿಟಕಿಯಿಂದ ಬಿಸಿಬಿಸಿ ತಪಿಯೋಕಾ ರೊಟ್ಟಿ ನೀಡುತ್ತಲೇ ಇದ್ದರು. ಯಾವ ನಕ್ಷೆಯಲ್ಲೂ ಕಾಣದ ತಮ್ಮ ನದೀದಂಡೆಯ ಹಟ್ಟಿಗಳ ಹೆಸರನ್ನು ಮಕ್ಕಳು ಒಬ್ಬೊಬ್ಬರಾಗಿ ಹೇಳಿದರು. ಒಂದೊಂದಕ್ಕೂ ಒಂದೊಂದು ಚುಕ್ಕಿ ಬಿತ್ತು. ಚುಕ್ಕಿಗಳಿಗೆ ಎಡೆಮಾಡಿಕೊಡುತ್ತ ಆಕ್ರೆ ಉಬ್ಬಿ ಉಬ್ಬಿ, ಉಳಿದ ಇಡೀ ದೇಶವನ್ನೇ ಮಡಿಲಲ್ಲಿ ಕೂರಿಸಿಕೊಳ್ಳುವಷ್ಟಾಯಿತು.

ಕರಾವಳಿಯ ಕಡೆಯ ಅಧಿಕಾರಿ ಎವಾಂದ್ರೊ ಅವರು ಬಂದವರೇ ಮುಂಗೋಡೆ ನೋಡಿ ನಕ್ಕರು. "ಆಕ್ರೆ ಇಲ್ಲ ಅಂತ ನಾವು ಹೇಳ್ತಿದ್ದಿದ್ದು ಸುಳ್ಳಲ್ಲ ನೋಡಿ! ಬೇಜಾರಾಗ್ಬೇಡಿ ಮೇಡಂ, ನಿಮ್ಮನ್ನ ಬಿಟ್ರೂ ದೇಶ ಐದನೇದೇ."

"ಮೂಗು ಕೊಯ್ದ್ರೂ ಮುಖ ಮುಖಾನೇ ಸಾರ್. ಕನ್ನಡಿ ಮುಂದೆ ನಿಲ್ಲೋರು ಯಾರು? ಹಾಗೇ ಮೂಲೆ ತಿರುಗಿ."

ತಿರುಗಿದರು. ಪ್ರತಿ ಮಗುವೂ ತನ್ನ ಚುಕ್ಕಿಯ ಮೇಲೆ ಬೆರಳಿಟ್ಟು ನಿಂತಿತ್ತು. ಅಧಿಕಾರಿಗಳು ಗೋಡೆಯ ಹತ್ತಿರಕ್ಕೆ ಹೋಗಿ, "ಅಳತೆ ತಪ್ಪಿದೆಯಲ್ಲಾ ಮೇಡಂ? ಇಷ್ಟು ದೊಡ್ಡದಾ?" ಎಂದರು.

"ಹತ್ತಿರ ಬಂದು ನೋಡ್ತಿದೀರಲ್ಲ ಸಾರ್, ಅದಕ್ಕೇ."

ಎವಾಂದ್ರೊ ಅವರ ನಗುವಿಗೆ ಜುರುವಾ ನದಿ ಒಂದು ಗೇಣು ಏರಿತೆಂದು ದೋಣಿಯವರು ಇಂದಿಗೂ ಆಣೆ ಮಾಡುತ್ತಾರೆ. ಎರಡನೆಯ ಲೋಟ ಕಾಫಿ ಮುಗಿಸಿ ಅವರು ಬರೆದ ವರದಿ ಇಷ್ಟೇ: "ನಕ್ಷೆ ಪೂರ್ಣವಾಗಿದೆ. ನೋಡುವವರು ಮೂಲೆ ತಿರುಗತಕ್ಕದ್ದು."

ಅಂದಿನಿಂದ ಶಾಲೆಗೆ ಸೇರುವ ಪ್ರತಿ ಮಗುವನ್ನೂ ಲಿಂದಾಲ್ವಾ ಅವರು ಮೊದಲು ಆ ಗೋಡೆಯ ಬಳಿಗೇ ಕರೆದೊಯ್ದರು. ಮೂರು ದೋಣಿ ಬದಲಿಸಿ ಬಂದು, ಊರಿನ ಹೆಸರು ಹೇಳಲು ನಾಚಿ ನಿಂತ ಮಗುವಿನ ಕೈಗೇ ಕುಂಚ ಕೊಟ್ಟು, ಆ ಕೈಯನ್ನು ತಾವು ಹಿಡಿದು ಚುಕ್ಕಿ ಇಡಿಸಿದರು. ನಮ್ಮ ಮಕ್ಕಳು ಇಂದು ದೇಶದ ನಕ್ಷೆಯನ್ನು ಪಶ್ಚಿಮದಿಂದಲೇ ಬರೆಯುತ್ತಾರೆ. ಅಟ್ಲಾಂಟಿಕ್ ಸಾಗರಕ್ಕೆ ಕಾಗದ ಸಾಲದಿದ್ದರೆ ಅದು ಸಾಗರದ ಹಣೆಬರಹ.

ಅಡುಗೆಮನೆಯಾಚೆ ಇನ್ನೂ ಒಂದು ಮೂಲೆಯಿದೆ. ಅದನ್ನು ತಿರುಗಿದರೆ ಉಗ್ರಾಣದ ಗೋಡೆ ಬರಿದಾಗಿ ಕಾದಿದೆ. ಲೆಕ್ಕದ ಪ್ರಕಾರ ಅಲ್ಲಿಂದ ಪೆರು ದೇಶ, ಆಂಡೀಸ್ ಪರ್ವತ, ಆಮೇಲೆ ಇನ್ನೊಂದು ಕಡಲು. ಅಷ್ಟು ದೂರ ನಡೆಯುವ ಆಯುಷ್ಯ ಆರೋಗ್ಯಗಳು ನಮ್ಮ ಲಿಂದಾಲ್ವಾ ಅವರಿಗೆ ಒದಗಲಿ, ಕೈಯ ಕುಂಚ ಒಣಗದಿರಲಿ. ಪರ್ವತದ ಹಿಮಕ್ಕೆ ಬಿಳಿ ಬಣ್ಣ ಹುಡುಕುವ ಚಿಂತೆ ಅವರಿಗೆ ಬೇಡ. ಇಲಾಖೆ ಕಳಿಸಿದ ಸುಣ್ಣವನ್ನು ಜುಲ್ಮಿರಾ ಜೋಪಾನವಾಗಿ ಎತ್ತಿಟ್ಟಿದ್ದಾರೆ.