ಹೆಸರಿನ ಕೆಳಗಿನ ನೀಲಿ ಗೆರೆ

ಅಥವಾ ಅವತ್ತು ಕಂಪ್ಯೂಟರಿನಲ್ಲಿ ಹೆಣ್ಣುಮಕ್ಕಳ ಹೆಸರುಗಳಷ್ಟೇ ಕೆಟ್ಟವು ಎಂಬುದನ್ನು ನಾನೇ ಆಮೇಲೆ ಕೂಡಿಸಿಕೊಂಡೆನೋ ಏನೋ. ಇಷ್ಟು ಸಲೀಸಾಗಿ ಅರ್ಥ ಕೊಡುವ ನೆನಪಿನ ಮೇಲೆ ನನಗೆ ಮೊದಲಿಂದಲೂ ಅನುಮಾನ. ಈ ಸಂಗತಿಯನ್ನು ಹೇಳುವಾಗಲೆಲ್ಲ ಒಬ್ಬ ಗಂಡಸನ್ನು ಬಿಟ್ಟುಬಿಡುತ್ತೇನೆ: ಅಜ್ಜನ ತಮ್ಮ, ಚಿಕ್ಕಂದಿನಲ್ಲೇ ಬೇರೆ ಮನೆಗೆ ದತ್ತು ಹೋದವನು. ಅವನ ಹೆಸರೂ ಅವತ್ತು ಕೆಟ್ಟಿತ್ತು. ಅವನಿಲ್ಲದಿದ್ದರೆ ಕಥೆ ಚೆನ್ನಾಗಿ ಕೂರುತ್ತದೆ, ಅದಕ್ಕೇ ಬಿಡುತ್ತೇನೆ. ಈ ಸಲ ಸೇರಿಸಿದ್ದೇನೆ. ಇನ್ನೇನೇನು ಬಿಟ್ಟುಹೋಗಿದೆಯೋ ಹೇಳಲಾರೆ.

ಹಿರೇಬೆಂಡಿಗೇರಿಯಲ್ಲಿರುವ ಕಾಕಾ, ಅಂದರೆ ಅಪ್ಪನ ತಮ್ಮ, ಹೊಸ ಮನೆ ಕಟ್ಟಿಸಿದ್ದರು. ಮನೆ ಒಕ್ಕಲಿಗೆ ಬಂದವರಿಗೆಲ್ಲ ಎಲೆ ಅಡಿಕೆಯ ಜೊತೆ ನಮ್ಮ ಮನೆತನದ ವಂಶಾವಳಿಯ ಪುಸ್ತಕ ಕೊಡಬೇಕೆಂದು ಅವರ ಆಸೆ. ಮನೆಯಲ್ಲಿ ಬರೆಯುವವಳು ನಾನೊಬ್ಬಳೇ ಆದ್ದರಿಂದ ಟೈಪು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕತೆ ಕಾದಂಬರಿ ಬರೆಯುವುದಕ್ಕೂ ವಂಶಾವಳಿ ಟೈಪು ಮಾಡುವುದಕ್ಕೂ ಕಾಕಾನ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ.

ನಮ್ಮ ಕಡೆಯ ವಂಶಾವಳಿಯಲ್ಲಿ ಗಂಡುಮಕ್ಕಳ ಹೆಸರಿನ ಕೆಳಗೆ ಅವರ ಮಕ್ಕಳು, ಅವರ ಕೆಳಗೆ ಮತ್ತೆ ಮಕ್ಕಳು, ಹೀಗೆ ಇಳಿಯುತ್ತ ಹೋಗುತ್ತದೆ. ಹೆಣ್ಣುಮಕ್ಕಳ ಹೆಸರೂ ಇರುತ್ತದೆ. ಆದರೆ ಪಕ್ಕದಲ್ಲಿ ಊರ ಹೆಸರು ಬರೆದು ನಿಲ್ಲಿಸಿಬಿಡುತ್ತಾರೆ. ಶಿಗ್ಗಾಂವಿಗೆ ಕೊಟ್ಟದ್ದು. ತಿಳವಳ್ಳಿಗೆ ಕೊಟ್ಟದ್ದು. ಸವಣೂರಿಗೆ ಕೊಟ್ಟದ್ದು. ಅಲ್ಲಿಂದ ಮುಂದೆ ಆ ಕೊಂಬೆ ಇಲ್ಲ. ಅವರ ಮಕ್ಕಳು ಬೇರೆ ಮನೆತನದ ಪುಸ್ತಕಕ್ಕೆ ಸೇರಿದವರು.

ನಾನು ಅಲ್ಲಿ ಒಂದು ಆಟ ಹೂಡಿದೆ. ಹೀಗೆ ಕೊಟ್ಟ ಪ್ರತಿಯೊಬ್ಬರ ಹೆಸರಿಗೂ, ದತ್ತು ಹೋದ ಆ ಚಿಕ್ಕಜ್ಜನ ಹೆಸರಿಗೂ ಒಂದು ಲಿಂಕ್ ಹಾಕಿದೆ. ಹೆಸರಿನ ಮೇಲೆ ಒತ್ತಿದರೆ ಕಂಪ್ಯೂಟರ್ ಸೀದಾ ಪುಸ್ತಕದ ಕೊನೆಯ ಪುಟಗಳಿಗೆ ಹಾರುತ್ತಿತ್ತು. ಅಲ್ಲಿ ಅವರ ಮನೆ, ಮಕ್ಕಳು, ಮೊಮ್ಮಕ್ಕಳು. ಇದು ನ್ಯಾಯಕ್ಕಾಗಿ ಮಾಡಿದ್ದೆಂದು ಈಗ ಹೇಳಿಕೊಂಡರೆ ಚೆಂದ. ನಿಜವಾಗಿ, ಮೊದಲೂ ಕೊನೆಯೂ ಇಲ್ಲದ, ಎಲ್ಲಿಂದ ಬೇಕಾದರೂ ಒಳಗೆ ಹೋಗಬಹುದಾದ ಪುಸ್ತಕವೊಂದನ್ನು ಮಾಡಬೇಕೆಂಬ ಹುಚ್ಚು ನನಗೆ ಬಹಳ ದಿನದಿಂದ ಇತ್ತು. ಕಾಕಾನಿಗೆ ತೋರಿಸಿದಾಗ ಅವರೇ ಒತ್ತಿ ಒತ್ತಿ ನೋಡಿದರು. "ಇಕಾ, ಶಿಗ್ಗಾಂವಿ ಬಂತು! ಬಸ್ಸಿಗಿಂತ ಲಗೂ ಬಂತಲ್ಲ!"

ಹಾನಗಲ್ಲಿನ ಪ್ರೆಸ್ಸಿನವರು ಹಳೆಯ ಕನ್ನಡ ಫಾಂಟಿನಲ್ಲೇ ಫೈಲು ಬೇಕೆಂದಿದ್ದರು. ಹಾಗೇ ಮಾಡಿ ಕಳಿಸಿದೆ. ಅವರ ಫೋನು ಬಂದಾಗ ನಾನು ಲ್ಯಾಪ್‌ಟಾಪ್ ಸಮೇತ ಸವಣೂರಿನಲ್ಲಿ ಅತ್ತಿಯ ಮನೆಯಲ್ಲಿದ್ದೆ. ಈ ಅತ್ತಿ ಕಾಕಾನ ಅಕ್ಕ. ಆಮಂತ್ರಣ ಕೊಡಲು ಕಾಕಾ ಕೂಡ ಅಲ್ಲಿಗೆ ಬಂದಿದ್ದರು.

"ಅಕ್ಕಾರ, ಹೆಸರಿನ ಕೆಳಗೆಲ್ಲಾ ನೀಲಿ ಗೆರಿ ಅದಾವ್ರಿ. ಹಂಗ ಅಚ್ಚು ಹಾಕಿದ್ರ ಮಾಸ್ತರು ತಪ್ಪಿಗೆ ಗೆರಿ ಹೊಡದಂಗ ಕಾಣ್ತೈತ್ರಿ. ಲಿಂಕ್ ತಗದು ಕಳಸ್ರಿ. ಆದ್ರ ದಪ್ಪಕ್ಷರ, ಸಾಲು, ಏನೂ ಕೆಡಿಸಬ್ಯಾಡ್ರಿ ಮತ್ತ."

ಒಂದೊಂದೇ ತೆಗೆಯುವ ತಾಳ್ಮೆ ನನಗಿರಲಿಲ್ಲ. ಇಡೀ ಫೈಲನ್ನು ಆಯ್ದುಕೊಂಡು ಕಂಟ್ರೋಲ್, ಶಿಫ್ಟ್, ಎಫ್ ಒಂಬತ್ತು ಒಟ್ಟಿಗೆ ಒತ್ತಿದೆ. ನೀಲಿ ಗೆರೆ ಹೋಯಿತು. ಹೆಸರೂ ಹೋಯಿತು. ಹೆಸರುಗಳಿದ್ದ ಜಾಗದಲ್ಲಿ ಇಂಗ್ಲಿಷಿನ ಬಿಡಿ ಅಕ್ಷರಗಳು, ಅವುಗಳ ತಲೆಯ ಮೇಲೆ ಓರೆ ಗೆರೆ, ಸೊನ್ನೆ, ನಡುವೆ ಎಲ್ಲೋ ಒಂದು ಪೌಂಡಿನ ಗುರುತು. ಉಳಿದ ಗಂಡಸರೆಲ್ಲ ತಮ್ಮ ತಮ್ಮ ಜಾಗದಲ್ಲಿ ದಪ್ಪ ಕನ್ನಡದಲ್ಲಿ ಕೂತಿದ್ದರು.

ಅತ್ತಿ ಹುರುಳಿ ಆರಿಸುವುದನ್ನು ಬಿಟ್ಟು ಬಗ್ಗಿ ನೋಡಿದಳು. "ಏನವ್ವಾ ಇದು? ನಮ್ಮ ಹೆಸರಷ್ಟ ಇಂಗ್ಲಿಷ್ ಸಾಲಿ ಕಲಿಯಾಕ ಹೋಗ್ಯಾವೇನು?"

"ಕೊಟ್ಟ ಹೆಣ್ಮಕ್ಕಳು ಪರದೇಶಿ ಆಗ್ಯಾರ ನೋಡು," ಎಂದು ಕಾಕಾ ನಕ್ಕರು.

"ಕಳಿಸಿದಾವ್ರು ನೀವ ಅಲ್ಲೇನೋ ತಮ್ಮಾ?"

ಆದದ್ದು ಇಷ್ಟೇ. ಆ ಹಳೆಯ ಫಾಂಟಿನಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳೇ, ಅವುಗಳಿಗೆ ಕನ್ನಡದ ವೇಷ ಹಾಕಿರುತ್ತಾರೆ. ಲಿಂಕ್ ತೆಗೆದಾಗ ಲಿಂಕ್ ಇದ್ದ ಹೆಸರುಗಳ ವೇಷವೂ ಕಳಚಿತ್ತು. ಅಕ್ಷರ ಅಳಿದಿರಲಿಲ್ಲ. ಪರದೆಯ ಮೇಲ್ಗಡೆ ಸಣ್ಣ ಬ್ರಷ್ಷಿನ ಚಿತ್ರವಿರುತ್ತದಲ್ಲ, ಅದನ್ನು ಒತ್ತಿ, ಸರಿಯಿದ್ದ ಒಂದು ಹೆಸರಿನ ರೂಪವನ್ನು ಎತ್ತಿಕೊಂಡು ಕೆಟ್ಟ ಹೆಸರಿನ ಮೇಲೆ ಎಳೆದರೆ ಸಾಕಿತ್ತು. ಅಜ್ಜನ ಹೆಸರಿನಿಂದ ಎತ್ತಿ ಅತ್ತಿಯ ಹೆಸರಿನ ಮೇಲೆ ಎಳೆದೆ. ಕನ್ನಡ ಬಂತು, ದಪ್ಪವಾಗಿಯೇ ಬಂತು.

"ಬಂದೆ ನೋಡು ನಾ," ಎಂದಳು ಅತ್ತಿ.

ಹೀಗೆ ಒಬ್ಬೊಬ್ಬರನ್ನೇ ಸರಿಮಾಡುತ್ತ ಹೋದೆ. ಲಿಂಕ್ ಇಲ್ಲದ ಮೇಲೆ ಓದುವವರು ಕೊನೆಯ ಆ ಪುಟಗಳಿಗೆ ಹೋಗುವುದು ಹೇಗೆ? ಊರ ಹೆಸರಿನ ಮುಂದೆ ಪುಟದ ಸಂಖ್ಯೆ ಹಾಕು ಎಂದು ಅತ್ತಿಯೇ ಹೇಳಿದಳು. ಒಬ್ಬೊಬ್ಬರ ಪುಟ ಹುಡುಕಿ ಸಂಖ್ಯೆ ಸೇರಿಸುತ್ತಿದ್ದಾಗ ದೊಡ್ಡತ್ತಿಯ ಸರದಿ ಬಂತು.

ದೊಡ್ಡತ್ತಿ ಅಂದರೆ ಅತ್ತಿಗೂ ಕಾಕಾನಿಗೂ ಹಿರಿಯಕ್ಕ. ರಟ್ಟೀಹಳ್ಳಿಯ ಆಚೆಗಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಆಗ ಅದೆಲ್ಲ ಹಿರೇಕೆರೂರು ತಾಲೂಕು. ಮದುವೆಯಾಗಿ ಕೆಲವೇ ವರ್ಷಗಳಲ್ಲಿ ತೀರಿಕೊಂಡಳು. ಗಂಡ ಮತ್ತೊಂದು ಮದುವೆಯಾದ. ಆಮೇಲೆ ಆ ಮನೆಯವರು ಊರನ್ನೇ ಬಿಟ್ಟರು, ಹೋಗಿಬರುವುದು ನಿಂತಿತು. ಅವಳ ಪುಟದಲ್ಲಿ ಅವಳ ಹೆಸರು ಮತ್ತು ಊರು ಮಾತ್ರ ಇತ್ತು. ಕೆಳಗೆಲ್ಲ ಖಾಲಿ. ಲಿಂಕ್ ಹಾಕುವಾಗ ಎಲ್ಲರಿಗೂ ಒಂದೊಂದು ಪುಟ ಮಾಡಿಟ್ಟಿದ್ದೆ, ಆಮೇಲೆ ತುಂಬಿದರಾಯಿತೆಂದು.

"ಇದನ್ನ ತಗದ ಹಾಕು," ಎಂದರು ಕಾಕಾ. "ಕಂಪ್ಯೂಟರಿನ್ಯಾಗ ಒತ್ತಿದಾವ್ರಿಗಷ್ಟ ಕಾಣ್ತಿತ್ತು. ಪುಸ್ತಕದಾಗ ಖಾಲಿ ಹಾಳಿ ಇದ್ರ ಮಂದಿ ಪ್ರೆಸ್ಸಿನ ತಪ್ಪು ಅಂತಾರ."

"ಅನ್ನಲಿ," ಎಂದಳು ಅತ್ತಿ. "ತಪ್ಪು ಅಂದ್ರ ಒಬ್ಬರಾದ್ರೂ ಕೇಳ್ತಾರ, ಇದ್ಯಾಕ ಖಾಲಿ ಐತಿ ಅಂತ."

"ಕೇಳಿದ್ರ ಏನ ಹೇಳ್ತಿ? ಮಕ್ಕಳಿಲ್ಲ ಅಂತ ಬರದು ಮುಗಸೋಣಲ್ಲ."

ಅತ್ತಿ ಮೊರವನ್ನು ನೆಲಕ್ಕೆ ಇಟ್ಟಳು. "ಮಕ್ಕಳಿಲ್ಲ ಅಂತ ನಿನಗ್ಯಾರು ಹೇಳಿದ್ರು? ತೊಟ್ಟಿಲಕ್ಕ ಹಾಕುವಾಗ ನಾ ಹೋಗೇನಿ. ಎತ್ತಿಕೊಂಡೇನಿ."

ಆಗ ಕಾಕಾ ಇನ್ನೂ ತೀರ ಸಣ್ಣವರು, ನೆನಪಿರುವ ವಯಸ್ಸಲ್ಲ. ನಾನು ಮೆಲ್ಲಗೆ ಕೇಳಿದೆ, "ಗಂಡೋ ಹೆಣ್ಣೋ, ಅತ್ತಿ?"

"ಗಂಡು," ಎಂದಳು. ಮೊರವನ್ನು ಮತ್ತೆ ಎತ್ತಿಕೊಳ್ಳುತ್ತ, "ಹೆಣ್ಣಿಗೆ ಹಾಕೂ ಅಂಥಾ ಕುಂಚಿಗಿ ತಲಿಗೆ ಕಟ್ಟಿದ್ರು. ಹೆಣ್ಣ ಇರಬೇಕು," ಎಂದಳು. ಮಗುವಿನ ಹೆಸರು ಅವಳಿಗೆ ನೆನಪಿಲ್ಲ. ತನ್ನ ಕಿರುಬೆರಳು ಹಿಡಿದುಕೊಂಡಿತ್ತು ಎಂಬುದು ನೆನಪಿದೆ.

ನನಗೆ ಆಗಲೇ ಅನಿಸಿತು: ಎಲ್ಲ ಮಕ್ಕಳೂ ಬೆರಳು ಹಿಡಿಯುತ್ತವೆ. ಅತ್ತಿ ಎತ್ತಿಕೊಂಡದ್ದು ಇನ್ನಾವುದೋ ಮನೆಯ ಮಗುವೂ ಆಗಿರಬಹುದು. ಇದನ್ನು ಅವಳಿಗೆ ಹೇಳಲಿಲ್ಲ. ಹೇಳಬೇಕಿತ್ತೋ ಏನೋ.

"ಇದ್ರ ಈಗ ಅದಕ್ಕ ಮೊಮ್ಮಕ್ಕಳಿರಬೇಕು," ಎಂದಳು ಅತ್ತಿ. "ಯಾರದೋ ಮನಿಯಾಗ ಈ ಪುಸ್ತಕ ಅದರ ಕೈಗೆ ಸಿಕ್ಕು, ತನ್ನ ಅವ್ವನ ಹೆಸರು ನೋಡಿ, ಮುಂದ ಮಕ್ಕಳಿಲ್ಲ ಅಂತ ಬರದದ್ದು ಓದಿದ್ರ? ನಾವ ಅಳಿಸಿದಂಗ ಆಗೂದಿಲ್ಲೇನು? ಖಾಲಿ ಬಿಡು. ಖಾಲಿ ಬಿಟ್ರ ತುಂಬಾಕ ಬರ್ತೈತಿ."

ಕಾಕಾ ಎದ್ದು ಟೋಪಿ ಸರಿಮಾಡಿಕೊಂಡರು. "ಬಿಡವಾ, ಇರಲಿ. ಪ್ರೆಸ್ಸಿನಾವ ಬೈದ್ರ ನಿನ್ನ ಹೆಸರು ಹೇಳ್ತೇನಿ."

ಬ್ರಷ್ಷನ್ನು ದೊಡ್ಡತ್ತಿಯ ಹೆಸರಿನ ಮೇಲೆ ಎಳೆದು, ಊರ ಮುಂದೆ ಪುಟ ೩೮ ಎಂದು ಸೇರಿಸಿದೆ. ಫೈಲು ಕಳಿಸಿದ ಮರುದಿನ ಹಾನಗಲ್ಲಿನಿಂದ ಮತ್ತೆ ಫೋನು ಬಂತು. "ಅಕ್ಕಾರ, ಲಿಂಕ್ ಎಲ್ಲಾ ಹೋಗ್ಯಾವ್ರಿ, ಅಕ್ಷರ ಬರೋಬರಿ ಅದಾವ. ಆದ್ರ ಒಂದು ಹಾಳಿಯೊಳಗ ಮ್ಯಾಟರ್ ಬಿಟ್ಟಂಗ ಐತ್ರಿ."

"ಬಿಟ್ಟಿಲ್ರಿ. ಸದ್ಯಕ್ಕ ಅಷ್ಟ ಐತ್ರಿ."

ಪುಸ್ತಕ ಬಂತು, ಒಕ್ಕಲೂ ಆಯಿತು. ಬಂದವರು ಪುಸ್ತಕ ಒಯ್ದರು. ಖಾಲಿ ಪುಟದ ಬಗ್ಗೆ ಅವತ್ತು ಯಾರೂ ಕೇಳಲಿಲ್ಲ. ಆಮೇಲೊಂದು ದಿನ ಅತ್ತಿ ಹಟ ಮಾಡಿ ನನ್ನನ್ನು ಕರೆದುಕೊಂಡು ರಟ್ಟೀಹಳ್ಳಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ದೊಡ್ಡತ್ತಿಯನ್ನು ಕೊಟ್ಟಿದ್ದ ಹಳ್ಳಿಗೆ ಹೋದಳು. ದೊಡ್ಡತ್ತಿಯ ಗಂಡನ ಅಡ್ಡಹೆಸರಿನವರದೊಂದು ಮನೆ ಇತ್ತು. ಅವರು ನಮ್ಮನ್ನು ಕೂರಿಸಿ ಚಹಾ ಕೊಟ್ಟರು. ಊರು ಬಿಟ್ಟವರು ದಾವಣಗೆರೆ ಕಡೆ ಹೋದರೆಂದು ಮನೆಯ ಹೆಂಗಸು, ಅಲ್ಲ ಶಿಕಾರಿಪುರದ ಕಡೆ ಎಂದು ಅವಳ ಮಾವ. ಮಗುವಿನ ವಿಷಯ ಇಬ್ಬರಿಗೂ ಗೊತ್ತಿರಲಿಲ್ಲ. ಅತ್ತಿ ಪುಸ್ತಕದ ಒಂದು ಪ್ರತಿಯನ್ನು ಅವರಿಗೆ ಕೊಟ್ಟು, ಆ ಪುಟ ತೆಗೆದು ತೋರಿಸಿ, ಕೆಳಗೆ ನನ್ನ ಕೈಯಿಂದಲೇ ನನ್ನ ಫೋನ್ ನಂಬರ್ ಬರೆಸಿದಳು.

ಈವರೆಗೆ ಯಾರೂ ಫೋನ್ ಮಾಡಿಲ್ಲ. ಆ ಮಗು ಗಂಡೋ ಹೆಣ್ಣೋ ನನಗೆ ಗೊತ್ತಿಲ್ಲ. ಬದುಕಿತೋ ಇಲ್ಲವೋ ಗೊತ್ತಿಲ್ಲ. ಇತ್ತೋ ಇಲ್ಲವೋ, ಅದೂ ಗೊತ್ತಿಲ್ಲ.