ಚರ್ಚಿನಲ್ಲೊಂದು ಪೂರ್ತಿ ಪ್ರದಕ್ಷಿಣೆ

ಡೆಟ್ರಾಯಿಟ್‌ನಲ್ಲಿ ನೂರು ವರ್ಷ ದಾಟಿದ್ದೆಲ್ಲ ಪುರಾತನ. ಬಾದಾಮಿಯ ಗುಹೆಗಳಲ್ಲಿ ಕಣ್ಣಾಮುಚ್ಚಾಲೆ ಆಡಿ ಬೆಳೆದ ನನಗೆ ಅದನ್ನು ಕೇಳಿದರೆ ನಗು ಬರುತ್ತದೆ. ಆದರೆ ಆರ್ಕಿಟೆಕ್ಚರ್ ಓದುವ ಮಗಳ ಮುಂದೆ ನಗುವ ಹಾಗಿಲ್ಲ. ಅಲ್ಲಿನ ಹಳೇ ಕಲ್ಲಿನ ಚರ್ಚೊಂದರಲ್ಲಿ ಬೇಸಿಗೆಗೆ ಗೈಡ್ ಆಗಬೇಕೆಂಬ ಹುಚ್ಚು ಅವಳಿಗೆ. ಚರ್ಚು ನೋಡಿಕೊಳ್ಳುವ ಮುದುಕ ಒಂದು ಶರತ್ತು ಹಾಕಿದ್ದ: ಮೊದಲು ಹತ್ತು ಜನರನ್ನು ಕರೆತಂದು ತೋರಿಸು, ಆಮೇಲೆ ಮಾತು. ಮಾರ್ಚ್ ತಿಂಗಳ ಹಿಮಕ್ಕೆ ಹೆದರಿ ಅವಳ ಗೆಳತಿಯರು ಒಬ್ಬೊಬ್ಬರಾಗಿ ಕೈಕೊಟ್ಟರು. ಮಗಳು ಅಳುವುದೊಂದು ಬಾಕಿ.

ನಾನು ಸುಮ್ಮನಿರುವವಳೇ? ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ "ಶನಿವಾರ ಪುರಾತನ ಚರ್ಚ್ ದರ್ಶನ, ನಂತರ ನಮ್ಮನೆಯಲ್ಲಿ ಬಿಸಿಬೇಳೆಬಾತ್" ಎಂದು ಹಾಕಿದೆ. ಹದಿಮೂರು ಜನ ಬಂದರು. ಅವರಲ್ಲಿ ಚರ್ಚಿಗಾಗಿ ಬಂದವರು ಒಬ್ಬರೂ ಇರಲಿಲ್ಲ.

"ಅಮ್ಮಾ, ಪ್ಲೀಸ್. ಜಸ್ಟ್ ಬಿ ನಾರ್ಮಲ್," ಎಂದು ಮಗಳು ಪಾರ್ಕಿಂಗ್ ಲಾಟಿನಲ್ಲೇ ಕೈಮುಗಿದಳು.

ನಾರ್ಮಲ್ಲಾಗಿಯೇ ಇದ್ದೆವು. ದೇವರಿರುವ ಜಾಗ ಎಂದ ಮೇಲೆ ಸ್ನೋ ಬೂಟುಗಳನ್ನು ಬಾಗಿಲಲ್ಲಿ ಸಾಲಾಗಿ ಬಿಟ್ಟು ಒಳಹೊಕ್ಕೆವು. ಮುದುಕ ಬೂಟುಗಳನ್ನು ನೋಡಿದ, ನಮ್ಮ ಸಾಕ್ಸುಗಳನ್ನು ನೋಡಿದ. ಮಗಳ ಮುಖ ಕೆಂಪಾಯಿತು. ಜರ್ಮನಿಯಿಂದ ಬಂದ ಕಲ್ಲುಕುಟಿಗರು ಕಟ್ಟಿದ್ದು, ಮೊನಚು ಕಮಾನುಗಳು ಸೂರಿನ ಭಾರವನ್ನು ಕಂಬಗಳಿಗೆ ದಾಟಿಸುತ್ತವೆ, ಪಾದ್ರಿ ಪೂಜೆ ನಡೆಸುವ ಬಲಿಪೀಠ ಪೂರ್ವಕ್ಕಿದೆ ಎಂದು ಬಾಯಿಪಾಠ ಒಪ್ಪಿಸತೊಡಗಿದಳು. ಪಕ್ಕದ ವಾರೆನ್ ಊರಿನಲ್ಲಿ ಕಾರು ಡಿಸೈನ್ ಮಾಡುವ ಅಂಕಲ್ ಒಂದು ಕಂಬವನ್ನು ಬೆರಳಿಂದ ತಟ್ಟಿ, "ಇದು ಬರೀ ಕಲ್ಲಲ್ಲಮ್ಮಾ, ಮೇಲೆ ಪ್ಲಾಸ್ಟರ್ ಮಾಡಿದಾರೆ," ಎಂದರು. ಅವಳಿಗೆ ಮುಂದಿನದೆಲ್ಲ ಮರೆತುಹೋಯಿತು.

ಅಷ್ಟರಲ್ಲಿ ಹುಬ್ಬಳ್ಳಿಯ ಆಂಟಿ ಕೈಮುಗಿದುಕೊಂಡು ಬಲಿಪೀಠದ ಎಡಗಡೆಯಿಂದ ಹಿಂದಕ್ಕೆ ಹೊರಟೇಬಿಟ್ಟರು. ಪ್ರದಕ್ಷಿಣೆ! ಉಳಿದವರೂ ಹಿಂದೆಯೇ ನಡೆದರು. ಬಲಿಪೀಠದ ಬೆನ್ನಿಗೆ ಬಾಗಿದ ಓಣಿಯೊಂದಿತ್ತು. ನಡುದಾರಿಯಲ್ಲಿ ಮಡಿಚಿಟ್ಟ ಕುರ್ಚಿಗಳ ರಾಶಿ ಅಡ್ಡ ಬಂತು.

"ಆಂಟಿ, ಪ್ಲೀಸ್ ಕಮ್ ಬ್ಯಾಕ್!" ಮಗಳು ಹಿಂದಿನಿಂದ ಕೂಗಿದಳು.

"ಅರ್ಧಕ್ಕ ಹೊಳ್ಳೂದು ಈಶ್ವರನ ಗುಡಿಯೊಳಗ ಅಷ್ಟ ನಮ್ಮವ್ವಾ. ಇಲ್ಲೆ ಪೂರ್ತಿ ಸುತ್ತಬೇಕು," ಎಂದ ಆಂಟಿ ಅಂಕಲ್ ಕಡೆ ತಿರುಗಿದರು. "ನೋಡಕೋತ ಏನ್ ನಿಂತೀರಿ? ಹಿಡೀರಿ ಆ ಕುರ್ಚಿ!"

ಕುರ್ಚಿಗಳು ಕೈಯಿಂದ ಕೈಗೆ ದಾಟಿದವು. ಮುದುಕ ಧಡಧಡನೆ ಬರುವುದು ಕೇಳಿಸಿತು. ಮಗಳ ಆಸೆಗೆ ನಾನೇ ಕೈಯಾರೆ ಕಲ್ಲು ಹಾಕಿದೆನಲ್ಲ ಎಂದುಕೊಂಡೆ.

ಕುರ್ಚಿ ಸರಿದ ಮೇಲೆ ಕಂಡ ಗೋಡೆಯಲ್ಲಿ, ಮೊಣಕಾಲೆತ್ತರಕ್ಕೆ, ಅಂಗೈಯಗಲದ ಒಂದು ಕಲ್ಲಿನ ಮುಖ ನಾಲಿಗೆ ಚಾಚಿಕೊಂಡಿತ್ತು. ಮಗಳು ಚೀರಿಬಿಟ್ಟಳು. ಕಲ್ಲುಕುಟಿಗನೊಬ್ಬ ಪಾದ್ರಿಯ ಕಣ್ಣುತಪ್ಪಿಸಿ ಕೆತ್ತಿಕೊಂಡ ತನ್ನದೇ ಮುಖವಂತೆ. ಹಳೇ ಕಾಗದಗಳಲ್ಲಿ ಅದರ ಬಗ್ಗೆ ಓದಿ ಎರಡು ತಿಂಗಳಿಂದ ಹುಡುಕುತ್ತಿದ್ದಳಂತೆ! ಅಲ್ಲೇ ನೆಲಕ್ಕೆ ಕೂತಳು. ಬಾಯಿಪಾಠ ಎಲ್ಲಿ ಹೋಯಿತೋ, ಈಗ ಮಾತು ತಾನಾಗಿ ಬಂತು. ಯೂರೋಪಿನ ದೊಡ್ಡ ಚರ್ಚುಗಳಲ್ಲಿ ಯಾತ್ರಿಕರು ಬಲಿಪೀಠದ ಹಿಂದೆ ಹೀಗೇ ಸುತ್ತುತ್ತಿದ್ದರು, ಅದಕ್ಕೆಂದೇ ಓಣಿ ಬಿಡುತ್ತಿದ್ದರು, ಊರು ಬಿಟ್ಟು ಬಂದವರು ನೆನಪಿನಿಂದ ಇಲ್ಲೂ ಒಂದು ಓಣಿ ಕಟ್ಟಿಕೊಂಡರು ಎಂದಳು. ಅಂಕಲ್ ಕೂಡ ಅವಳ ಪಕ್ಕ ನೆಲಕ್ಕೆ ಕೂತು ಕೇಳಿದರು.

ಮುದುಕ ಬಗ್ಗಿ ಆ ಮುಖವನ್ನೇ ನೋಡುತ್ತ ನಿಂತಿದ್ದ. "ಕುರ್ಚಿ ಇಲ್ಲಿಟ್ಟವನು ನಾನೇ," ಎಂದು ತಲೆ ಕೆರೆದುಕೊಂಡ. ಆಮೇಲೆ ಮಗಳಿಗೆ ಜೂನ್‌ನಿಂದ ಬರಲು ಹೇಳಿದ.

ಜುಲೈನ ಒಂದು ಶನಿವಾರ ಹೇಳದೆ ಕೇಳದೆ ಹೋಗಿ ಅವಳ ಗುಂಪಿನ ಹಿಂದೆ ನಿಂತೆ. ಗುರುತಿನವರು ಯಾರೂ ಇರಲಿಲ್ಲ. ಮಗಳು ನನ್ನನ್ನು ಕಂಡೂ ಕಾಣದವಳಂತೆ ಎಲ್ಲರನ್ನೂ ಬಲಿಪೀಠದ ಎಡಗಡೆಗೆ ಕರೆದೊಯ್ದಳು.

"ವಿ ಗೋ ಕ್ಲಾಕ್‌ವೈಸ್," ಎಂದಳು ಗಂಭೀರವಾಗಿ. "ಆಂಡ್ ನೋ ಟರ್ನಿಂಗ್ ಬ್ಯಾಕ್ ಹಾಫ್‌ವೇ."

ಎಲ್ಲರೂ ಹೊರಟರು. ನಾನೂ ಬಹಳ ನಾರ್ಮಲ್ಲಾಗಿ ಸಾಲಿನ ಕೊನೆಗೆ ಸೇರಿಕೊಂಡೆ.