ಹದಿನೆಂಟನೆಯ ಸಾಲಿನ ಹಂಚು

ಶನಿಯಾರ ಮಾಡು ಹತ್ತದೆ, ಹಂಚಿನ ಚಾವಣಿಯ ಮೇಲೆ ಕಾಲಿಡದೆ ಹದಿನೈದು ವರ್ಷ ಆಯಿತು. ಆದರೂ ಭಟ್ಕಳದಿಂದ ಕುಮಟೆಯವರೆಗೆ ಈಗ ಅವನಷ್ಟು ಮಾಡು ನೋಡುವವರು ಇನ್ನೊಬ್ಬರಿಲ್ಲ. ಹೊನ್ನಾವರದ ಬಳಿಯ ಕಾಸರಕೋಡಿನ ತನ್ನ ಮನೆಯ ಜಗಲಿಯಲ್ಲಿ, ಬಗ್ಗದ ಎಡಗಾಲನ್ನು ಮುಂದೆ ಚಾಚಿ, ಮಗಳ ಲ್ಯಾಪ್‌ಟಾಪನ್ನು ಅಕ್ಕಿ ಆರಿಸುವ ಮೊರದ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾನೆ. ಹಂಚು ಹಂಚಾಗಿ ನೋಡುತ್ತಾನೆ. ಕಾಯಿ ಬಿದ್ದು ಬಿರುಕು ಬಿಟ್ಟದ್ದು, ಗಾಳಿಗೆ ಜಾರಿದ್ದು, ಅಳಿಲು ಗೂಡು ಕಟ್ಟಲು ಎತ್ತಿದ್ದು, ಒಂದೂ ಅವನ ಕಣ್ಣು ತಪ್ಪಿಸಿ ಹೋಗುವುದಿಲ್ಲ.

ಚಿತ್ರ ತೆಗೆಯುವವಳು ಮಗಳು ರೇಖಾ. ಹೊನ್ನಾವರದಲ್ಲಿ ಮದುವೆ ವಿಡಿಯೋ ಮಾಡಲೆಂದು ಡ್ರೋನ್ ಕೊಂಡವಳು. ಆದರೆ ಮದುವೆಯ ಗಡಿಬಿಡಿ ವರ್ಷಕ್ಕೆ ನಾಲ್ಕೇ ತಿಂಗಳು, ಮಾಡು ಸೋರುವ ಚಿಂತೆ ಹನ್ನೆರಡೂ ತಿಂಗಳು. ಹಂಚಿನ ಮಾಡು ಹತ್ತುವ ಆಳು ಈಗ ಸಿಗುವುದಿಲ್ಲ. ಸಿಕ್ಕಿದರೂ ಹತ್ತು ಹಂಚು ನೋಡಲು ಹೋಗಿ ಇಪ್ಪತ್ತು ಒಡೆದು ಇಳಿಯುತ್ತಾರೆ. ಒಂದು ಮದುವೆಮನೆಯಲ್ಲಿ ಯಜಮಾನರು, "ನಿನ್ನ ಪಂಖಾ ನಮ್ಮ ಮಾಡಿನ ಮೇಲೂ ಒಂಚೂರು ಹಾರಿಸು ಮಾರಾಯ್ತಿ, ಎಲ್ಲಿ ಸೋರ್ತದೆ ನೋಡುವ" ಎಂದದ್ದೇ ನೆಪ. ಅಲ್ಲಿಂದ ರೇಖಾಳಿಗೆ ಅದೇ ಕಸುಬಾಯಿತು.

ಕಸುಬು ಅಂದಮೇಲೆ ಅದರ ಫಜೀತಿಗಳೂ ಇರಬೇಕಲ್ಲ. ಕಾಸರಕೋಡಿನಲ್ಲಿ ಮೀನು ಒಣಗಿಸುವ ಕಡೆ ಹಾರಿಸಿದರೆ ಗರುಡಗಳು ಡ್ರೋನನ್ನು ಅಟ್ಟಿಸಿಕೊಂಡು ಬರುತ್ತವೆ. ಬೆಳಕೆಯಲ್ಲಿ ದುರ್ಗಮ್ಮ ಎಂಬ ಮುದುಕಿ, "ನಾ ಮೀಯೂ ಹೊತ್ತಿಗೆ ಅದು ಇತ್ಲಾಗೆ ಬಂದ್ರೆ ದೋಟಿ ತಕಂಡು ಹೊಡಿತೆ, ಕಡಿಗೆ ಹೇಳ್ಲಿಲ್ಲ ಅನ್ನಬೇಡ" ಎಂದಿದ್ದಳು. ಆಕೆಯ ಬಚ್ಚಲಿಗೆ ಮಾಡೇ ಇರಲಿಲ್ಲ. ರೇಖಾ ಆ ದಿನ ದುರ್ಗಮ್ಮನ ಸ್ನಾನ ಮುಗಿಯುವವರೆಗೆ ಬೀದಿಯಲ್ಲಿ ಕಾದು ನಿಂತಳು.

ಮಗಳು ಹಾರಿಸಬೇಕು, ಅಪ್ಪ ನೋಡಬೇಕು. ಯಾಕೆಂದರೆ ಹಂಚಿನ ಕೆಲಸದಲ್ಲಿ ಒಂದು ಕಾಲಕ್ಕೆ ಶನಿಯಾರನ ಹೆಸರು ಅಂಥದ್ದು. ಅವನು ಹಂಚು ತೆಗೆದು ತಿರುವಿ ಹಾಕಿದ ಮಾಡು ಆ ಮಳೆಗಾಲ ಸೋರುವುದಿಲ್ಲ ಎಂದರೆ ಸೋರುವುದಿಲ್ಲ. ಅವನ ಕಟ್ಟಳೆ ಎರಡು. ಹಂಚಿನ ಮಾಡಿನ ಕೆಳಗೆ ನೆತ್ತಿಯಿಂದ ಸೂರಿನವರೆಗೆ ಇಳಿಜಾರಾಗಿ ಮರದ ಪಕಾಸುಗಳಿರುತ್ತವೆ. ಸಾಲಾಗಿ, ಮೂರು ಮೂರು ಹಂಚಿಗೆ ಒಂದರಂತೆ. ಮೇಲೆ ನಡೆಯುವವನು ಅಂಚಿನಿಂದ ಎಣಿಸಿ ಮೂರನೆಯ ಸಾಲು, ಆರನೆಯ ಸಾಲು, ಒಂಬತ್ತನೆಯ ಸಾಲು ಹೀಗೇ ಕಾಲಿಡಬೇಕು. ಅಲ್ಲಿ ಕೆಳಗೆ ಮರವಿದೆ. ನಡುವೆ ಕಾಲಿಟ್ಟರೆ ಕೆಳಗಿರುವುದು ಬರೀ ಗಾಳಿ. ಇದು ಕಾಲಿನ ಕಟ್ಟಳೆ. ಇನ್ನೊಂದು ಕಿವಿಯದು. ಗೆದ್ದಲು ಹಿಡಿಯದಿರಲೆಂದು ಪಕಾಸಿಗೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಕಪ್ಪೆಣ್ಣೆ, ಹಚ್ಚುತ್ತಾರಷ್ಟೆ. ಹಚ್ಚುವ ಮೊದಲು ಒಂದೊಂದು ಮರವನ್ನೂ ಬಡಿದು ಕೇಳಬೇಕು. ಗಟ್ಟಿ ಮರ ಟಣ್ ಎನ್ನುತ್ತದೆ, ಟೊಳ್ಳು ಮರ ಬದ್ ಎನ್ನುತ್ತದೆ. ಎಣ್ಣೆ ಹಚ್ಚಿದ ಮೇಲೆ ಎಲ್ಲವೂ ಒಂದೇ ಕಪ್ಪು, ಒಂದೇ ಹೊಳಪು.

ಇಂಥ ಶನಿಯಾರ ಹದಿನೈದು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಕುಮಟೆಯ ಹೊರಗಿನ ಸುದರ್ಶನ ಹೆಗಡೆಯ ಮನೆಯ ಹಿಂಬದಿಯ ಮಾಡಿನಿಂದ ಬಿದ್ದ. ಕಾಲ ಕೆಳಗೆ ಹಂಚು ಕುಸಿಯಿತು, ಆಯ ತಪ್ಪಿತು, ಇಳಿಜಾರಿನಲ್ಲಿ ಜಾರಿ ಸೂರು ದಾಟಿ ಚಿರೆಕಲ್ಲಿನ ಅಂಗಳಕ್ಕೆ ಬಂದ. ಸೊಂಟದ ಕೀಲು ಹೋಯಿತು. ಅವನನ್ನು ಆಸ್ಪತ್ರೆಗೆ ಸಾಗಿಸಿದ ಬೆನ್ನಿಗೇ ಮೋಡ ಕಟ್ಟಿತೆಂದು ಬೇರೆ ಆಳುಗಳು ಒಡೆದ ಎರಡು ಹಂಚು ತೆಗೆದು ಹೊಸತೆರಡು ಇಟ್ಟು ಇಳಿದರು. ಯಾಕೆ ಒಡೆಯಿತೆಂದು ಯಾರೂ ಕೇಳಲಿಲ್ಲ. ಕೇಳುವುದೇನು? ಹಂಚಿನವನು ಮಾಡಿನಿಂದ ಬಿದ್ದನೆಂದರೆ ಸಾಲು ತಪ್ಪಿ ಕಾಲಿಟ್ಟ ಎಂದೇ ಅರ್ಥ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿಯವನಲ್ಲ ಶನಿಯಾರ. ಅವನೇ ಎಲ್ಲರಿಗೂ, "ಲೆಕ್ಕ ತಪ್ಪಿತು ಕಾಣ್ತದೆ" ಎಂದ. ಊರಿನಲ್ಲಿ ಇನ್ನೊಬ್ಬ ಶನಿಯಾರನಿದ್ದ, ದೋಣಿಯವನು. ಅವನು ದೋಣಿ ಶನಿಯಾರ, ಇವನು ಅಂದಿನಿಂದ ಬಿದ್ದ ಶನಿಯಾರ. ಆಡುವವರ ಬಾಯಿ ಮುಚ್ಚುವವರುಂಟೇ? ಕಾಲೇಜಿನಲ್ಲಿ ಹುಡುಗಿಯರು ರೇಖಾಳನ್ನು, "ನಿನ್ನಪ್ಪಂಗೆ ಮೂರರ ಮಗ್ಗಿ ಬತ್ತಿಲ್ವಾ?" ಎಂದು ಕೇಳಿ ನಗುತ್ತಿದ್ದರು. ಅವಳು ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ಹೇಳದಿದ್ದರೂ ಶನಿಯಾರನಿಗೆ ಗೊತ್ತಿತ್ತು. ಕಾಲು ಹೋದದ್ದಕ್ಕಿಂತ ಅದೇ ಅವನಿಗೆ ಹೆಚ್ಚು ನೋವು ಕೊಟ್ಟದ್ದು.

ಈ ಫೆಬ್ರವರಿಯಲ್ಲಿ ಅದೇ ಸುದರ್ಶನ ಫೋನ್ ಮಾಡಿದ. ಅವನು ಕುಮಟೆಯ ಬ್ಯಾಂಕೊಂದರಲ್ಲಿ ಮ್ಯಾನೇಜರು. ಮಾಡಿನ ಮೇಲೆ ಸೋಲಾರ್ ಹಲಗೆ ಕೂರಿಸಬೇಕು, ಭಾರ ತಡೆಯುತ್ತದೋ ಇಲ್ಲವೋ ಮೊದಲು ಪರೀಕ್ಷೆ ಆಗಬೇಕು, ವರದಿ ಬರೆದು ಕೊಡಬೇಕು.

"ಹತ್ತು ಗಂಟೆಗೆ ಹೋಗಿ ಬರ್ತೆ" ಎಂದಳು ರೇಖಾ.

"ಹತ್ತು ಗಂಟೆ ಬಿಸಿಲಿಗೆ ಎಲ್ಲ ಮಾಡೂ ಸಪಾಟೇ. ಏಳಕ್ಕೆ ಹೋಗು. ಓರೆ ಬಿಸಿಲಲ್ಲಿ ತಗ್ಗು ಇದ್ದಲ್ಲಿ ನೆರಳು ಬೀಳ್ತದೆ."

"ಹಂಗಾರೆ ನೀನೂ ಬಾ."

"ನಾ ಎಂತಕ್ಕೆ? ಫೋಟೊ ಮನೆಗೇ ಬರ್ತದಲೆ."

"ನೀ ಬರದಿದ್ರೆ ನಾನೂ ಹೋಗೂದಿಲ್ಲ" ಎಂದು ಅವಳು ಬ್ಯಾಟರಿ ಚಾರ್ಜಿಗೆ ಹಾಕಿದಳು. ಹಟದಲ್ಲಿ ಅವಳು ಅಪ್ಪನ ಮಗಳೇ.

ಹೀಗೆ ಶನಿಯಾರ ಮಗಳ ಸ್ಕೂಟರಿನ ಹಿಂದೆ, ಕಾಲು ಒಂದು ಕಡೆ ಚಾಚಿಕೊಂಡು, ಶರಾವತಿಯ ಸೇತುವೆ ದಾಟಿ ಕುಮಟೆಗೆ ಹೋದ. ಸುದರ್ಶನನ ತಾಯಿ ವನಮಾಲಮ್ಮ ಬಾಗಿಲಲ್ಲೇ ನಿಂತಿದ್ದಳು. "ಬಾ ಶನಿಯಾರ, ಚಾ ಕುಡ್ದು ಸುರು ಮಾಡಿ" ಎಂದಳು. ಇಷ್ಟು ವರ್ಷ ಈ ಕಡೆ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಅವನು ಬಿದ್ದ ವಿಷಯ ಆ ಮನೆಯವರು ಎಂದೂ ಎತ್ತಿದವರಲ್ಲ, ಪಾಪ ಎಂದುಕೊಂಡು ಸುಮ್ಮನಿದ್ದವರು. ಆ ಪಾಪ ಎನ್ನುವುದನ್ನೇ ತಡೆಯಲಾರದೆ ಅವನು ಬಾರದೆ ಉಳಿದಿದ್ದ.

ಹಿತ್ತಲಿನ ಬಾವಿಕಟ್ಟೆಯ ಮೇಲೆ ಕೂತು ಅವನು ರಿಮೋಟಿನ ಪುಟ್ಟ ಪರದೆ ಹಿಡಿದುಕೊಂಡ. ಪಕ್ಕದಲ್ಲಿ ರೇಖಾ ಕೀಲಿಗಳನ್ನು ಒತ್ತುತ್ತ ನಿಂತಳು. ಡ್ರೋನ್ ಜುಂಯ್ ಎಂದು ಎದ್ದು, ಸೂರು ದಾಟಿ, ಪೂರ್ವಕ್ಕೆ ಮುಖ ಮಾಡಿದ ಹಿಂಬದಿಯ ಮಾಡಿನ ಮೇಲೆ ನಿಂತಿತು. ಹಾವಸೆ ಕಟ್ಟಿ ಕಪ್ಪಾದ ಹಂಚುಗಳ ನಡುವೆ ಒಂದೇ ಸಾಲಿನಲ್ಲಿ ಮೇಲೊಂದು ಕೆಳಗೊಂದು, ಎರಡೇ ಎರಡು ಹಂಚು ಬೇರೆ ಕಾರ್ಖಾನೆಯವು, ಇನ್ನೂ ಕೆಂಪಾಗಿದ್ದವು. ಶನಿಯಾರನಿಗೆ ಅವು ಯಾವುವೆಂದು ಯಾರೂ ಹೇಳಬೇಕಾಗಿರಲಿಲ್ಲ.

ಅವನ ಬೆರಳು ಪರದೆಯ ಅಂಚಿಗೆ ಹೋಯಿತು. ಒಂದು, ಎರಡು, ಮೂರು. ತುಟಿ ಅಲುಗುತ್ತಿತ್ತು. ರೇಖಾ ಡ್ರೋನನ್ನು ಅಲುಗದಂತೆ ನಿಲ್ಲಿಸಿದ್ದಳು. ಹದಿನೈದು. ಹದಿನಾರು, ಹದಿನೇಳು. ಕೆಂಪು ಹಂಚಿನ ಮೇಲೆ ಬೆರಳು ಬಂದು ನಿಂತಿತು.

"ಹದಿನೆಂಟು" ಎಂದ ಶನಿಯಾರ.

ನಂಬಿಕೆಯಾಗದೆ ಕೆಂಪು ಹಂಚಿನಿಂದ ಅಂಚಿನವರೆಗೆ ಹಿಂದಕ್ಕೆ ಎಣಿಸಿದ. ಮತ್ತೆ ಮೊದಲಿನಿಂದ ಎಣಿಸಿದ. ಹದಿನೆಂಟೇ. ಮೂರಾರಲೆ ಹದಿನೆಂಟು. ಕೆಳಗೆ ಮರ ಇರಬೇಕಾದ ಸಾಲು. ಆ ಸಾಲಿನ ಉದ್ದಕ್ಕೂ ಓರೆ ಬಿಸಿಲಿನಲ್ಲಿ ತೆಳ್ಳಗೆ ಒಂದು ನೆರಳು ಬಿದ್ದಿತ್ತು. ಹಂಚುಗಳು ನಡುವಿನಲ್ಲಿ ಎರಡು ಬೆರಳು ತಗ್ಗಿದ್ದವು. ಪಕಾಸು ಒಳಗೇ ಮುರಿದಿತ್ತು. ಹದಿನೈದು ವರ್ಷದಿಂದ ಬರೀ ಅಡ್ಡಪಟ್ಟಿಗಳ ಆಸರೆಯಲ್ಲಿ ನೇತುಕೊಂಡಿತ್ತು. ಮನೆಯೊಳಗಿನವರಿಗೆ ಕಾಣದಂತೆ ಕೆಳಗೆ ಹಲಗೆಯ ಮುಚ್ಚಿಗೆ ಬೇರೆ.

"ಅಪ್ಪ, ನೀ ಸರಿಯಾಗೇ ಕಾಲಿಟ್ಟಿದ್ದೆ!" ರೇಖಾಳ ದನಿ ಒಡೆಯಿತು. "ಮರವೇ ಹಾಳಾಗಿತ್ತು. ನಿಂದು ಎಂತ ತಪ್ಪೂ ಇರ್ಲಿಲ್ಲ."

ಶನಿಯಾರನ ಕಣ್ಣು ತುಂಬಿ ಪರದೆ ಮಂಜಾಯಿತು. ಅವನು ಅದನ್ನು ಮುಚ್ಚಿಡಲೂ ಹೋಗಲಿಲ್ಲ. ಎಷ್ಟು ಹಗುರ ಅನ್ನಿಸಿತೆಂದರೆ ಈಗಲೇ ಏಣಿ ಕೊಟ್ಟರೆ ಹತ್ತಿಬಿಡುತ್ತಿದ್ದ.

ವನಮಾಲಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡು ಪರದೆಯನ್ನೇ ನೋಡುತ್ತಿದ್ದಳು. "ದೇವ್ರೇ, ನಮ್ಮನೆ ಮರಕ್ಕೆ ಹುಳ ಹಿಡಿದು ನಿನ್ನ ಕಾಲು ಹೋತು ಶನಿಯಾರ. ನಾವು ನಿಂದೇ ತಪ್ಪು ಹೇಳಿ ತಿಳ್ಕಂಡಿದ್ಯ. ಈ ಪಾಪ ಎಲ್ಲಿ ತೊಳೆಯವು?" ಎಂದು ಅತ್ತಳು. ಸುದರ್ಶನ ತಲೆ ತಗ್ಗಿಸಿ ನಿಂತ. ಅವನ ಮುಖದಲ್ಲಿ ಬ್ಯಾಂಕಿನ ಮ್ಯಾನೇಜರು ಎಲ್ಲೂ ಇರಲಿಲ್ಲ.

ಆಗಲೇ ಶನಿಯಾರನ ಮೂಗಿಗೆ ಗೇರೆಣ್ಣೆಯ ವಾಸನೆ ಬಂದದ್ದು. ಅಲ್ಲಿ ಎಣ್ಣೆ ಎಲ್ಲಿಂದ ಬರಬೇಕು? ನೆನಪಿನ ವಾಸನೆ ಅದು. ಬೀಳುವ ಹಿಂದಿನ ವರ್ಷ, ಇದೇ ಮನೆಯ ಅಟ್ಟದಲ್ಲಿ, ಮುಚ್ಚಿಗೆಯ ಮೇಲೆ ಹೊಟ್ಟೆಯಲ್ಲಿ ತೆವಳುತ್ತ ಎಲ್ಲ ಪಕಾಸಿಗೂ ಎಣ್ಣೆ ಹಚ್ಚಿದವನು ಅವನೇ. ಆವತ್ತು ಬಡಿದು ನೋಡಿರಲಿಲ್ಲ. ಕೆಳಗಿನ ಕೋಣೆಯಲ್ಲಿ ಬಾಣಂತಿ ಇದ್ದಳು. ಈಗ ಹೈಸ್ಕೂಲು ಮುಗಿಸುತ್ತಿರುವ ಸುದರ್ಶನನ ಮಗಳು ಶ್ರೀಗೌರಿ ಆಗ ಹನ್ನೆರಡು ದಿನದ ಕೂಸು. ಬಡಿಯಬೇಡ ಎಂದಿದ್ದರು. ಆತು ಎಂದಿದ್ದ. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು ಎನ್ನುವ ಹಾಗೆ ಹುಳುಕು ಮರಕ್ಕೆ ಹೊಳಪು ಬಳಿದು ಇಳಿದಿದ್ದ. ಮರುವರ್ಷ ಆ ಹೊಳಪನ್ನೇ ನಂಬಿ ಅದರ ಮೇಲೆ ಕಾಲಿಟ್ಟಿದ್ದ.

ಸುಮ್ಮನಿದ್ದರೆ ಆಗುತ್ತಿತ್ತು. ಕೇಳುವವರು ಯಾರು? ಹದಿನೈದು ವರ್ಷ ಕಾದರೂ ಸಿಗದ ಮಾತು ಈಗಷ್ಟೇ ಸಿಕ್ಕಿದೆ. ನಾಳೆಯಿಂದ ಅವನು ಬಿದ್ದ ಶನಿಯಾರನಲ್ಲ. ಮಗಳು ಮೂರರ ಮಗ್ಗಿಯ ಮಾತನ್ನು ಆಡಿದವರ ಮುಖಕ್ಕೇ ವಾಪಸು ಕೊಡಬಹುದು. ಅವಳ ಮುಖ ಹೇಗೆ ಅರಳಿದೆ ನೋಡು ಎಂದುಕೊಂಡ. ನಿಜ ಹೇಳಬೇಕೆಂದರೆ ಒಂದು ಗಳಿಗೆ ಅವನು ಬಾಯಿ ಮುಚ್ಚಿಕೊಂಡೇ ಕೂತ. ಆದರೆ ಎದುರಿಗೆ ವನಮಾಲಮ್ಮ ತನ್ನದಲ್ಲದ ತಪ್ಪಿಗೆ ಅಳುತ್ತಿದ್ದಳು. ತನ್ನದಲ್ಲದ ತಪ್ಪು ಹೊತ್ತು ತಿರುಗುವುದು ಎಂಥದ್ದೆಂದು ಶನಿಯಾರನಿಗೆ ಬೇರೆ ಯಾರೂ ಕಲಿಸಬೇಕಾಗಿರಲಿಲ್ಲ.

"ಅಳಬೇಡಿ ಅಮ್ಮ" ಎಂದ. "ಆ ಮರಕ್ಕೆ ಎಣ್ಣೆ ಹಚ್ಚಿದವ ನಾನೇ. ಬಡಿಯದೇ ಹಚ್ಚಿದೆ. ಬಡಿದಿದ್ರೆ ಟೊಳ್ಳು ಅಂತ ಆವತ್ತೇ ಗೊತ್ತಾಗ್ತಿತ್ತು. ಕಾಲು ತಪ್ಪಲಿಲ್ಲ ಹೌದು. ಕೆಲಸ ತಪ್ಪಿತ್ತು."

ರೇಖಾ ಅಪ್ಪನ ಮುಖ ನೋಡಿದಳು. ಡ್ರೋನನ್ನು ಮೆಲ್ಲಗೆ ಅಂಗಳಕ್ಕೆ ಇಳಿಸಿದಳು.

ವನಮಾಲಮ್ಮನಿಗೆ ನೆನಪಾಗಲು ತುಸು ಹೊತ್ತು ಹಿಡಿಯಿತು. "ಬಡಿಯಡ ಹೇಳಿ ಆನೇ ಅಲ್ದಾ ಹೇಳಿದ್ದು" ಎಂದಳು ಸಣ್ಣ ದನಿಯಲ್ಲಿ. "ಕೂಸು ಮನಿಕ್ಯಂಡಿತ್ತು."

"ನೀವು ಹೇಳಿದ್ದು ಆ ಒಂದು ದಿವಸಕ್ಕೆ ಅಮ್ಮ. ಮರುದಿವಸ ಬಂದು ಬಡಿಬಹುದಿತ್ತು. ಮಳೆ ಹತ್ರ ಬಂತು, ಬೇರೆ ಮನೆ ಕೆಲಸ ಇತ್ತು, ನಾ ಬರ್ಲಿಲ್ಲ." ಅವನು ಊರುಗೋಲು ಹಿಡಿದು ಎದ್ದ. "ಇವತ್ತು ಬಂದಿದ್ದೆ. ಅಟ್ಟದ ಬಾಗ್ಲು ತೆಗಸಿ."

ಬೇಡವೆಂದು ಸುದರ್ಶನ ಹೇಳಿ ನೋಡಿದ. ಡ್ರೋನಿಗೆ ಕಣ್ಣಿದೆ, ಕಿವಿ ಇಲ್ಲ ಎಂದು ಶನಿಯಾರ ಕೇಳಲೇ ಇಲ್ಲ. ಅಟ್ಟದ ಮೆಟ್ಟಿಲನ್ನು ಒಂದೊಂದಾಗಿ, ಬಲಗಾಲು ಮೊದಲು ಇಟ್ಟು, ಎಡಗಾಲನ್ನು ಎಳೆದುಕೊಂಡು ಹತ್ತಿದ. ಹಿಂದಿನಿಂದ ರೇಖಾ ಅವನ ಸೊಂಟ ಹಿಡಿದಿದ್ದಳು. ಸುದರ್ಶನ ತಂದುಕೊಟ್ಟ ಸುತ್ತಿಗೆಯನ್ನು ತಿರುಗಿಸಿ ಹಿಡಿಕೆಯ ಕಡೆಯಿಂದ ಮೊದಲನೆಯ ಪಕಾಸನ್ನು ಬಡಿದ. ಟಣ್. ತೆವಳಿ ಮುಂದೆ ಹೋದ. ಟಣ್. ಕೆಳಗೆ ವನಮಾಲಮ್ಮ ಗೋಡೆಗೆ ಒರಗಿ, ಒಂದೊಂದು ಸದ್ದಿಗೂ ಒಂದೊಂದು ಬೆರಳು ಮಡಚುತ್ತಿದ್ದಳು.

ಐದಾದ ಮೇಲೆ ಆರನೆಯದು ಬಂತು. ಟಾರ್ಚಿನ ಬೆಳಕಿಗೆ ಅದು ಇನ್ನೂ ಕಪ್ಪಗೆ ಹೊಳೆಯುತ್ತಿತ್ತು. ಶನಿಯಾರ ಹೆಬ್ಬೆರಳು ಒತ್ತಿದ. ಉಗುರಿನ ಬುಡದವರೆಗೂ ಒಳಗೆ ಹೋಯಿತು. ಮಣ್ಣಿನಂಥ ಪುಡಿ ಅಂಗೈಗೆ ಉದುರಿತು. ಇನ್ನು ಬಡಿಯುವ ಅಗತ್ಯವೇ ಇರಲಿಲ್ಲ. ಆದರೂ ಬಡಿದ.

ಬದ್ ಎಂದಿತು.

"ವರದಿಲಿ ಬರ್ಕೋ" ಎಂದು ಹಿಂದೆ ತಿರುಗದೆ ಹೇಳಿದ. "ಆರನೇ ಪಕಾಸು ಹೋಗಿದೆ. ಅದು ಬದಲಿಸದೆ ಸೋಲಾರ್ ಇಡೂಹಂಗಿಲ್ಲ."

"ಆತು" ಎಂದು ರೇಖಾ ಮೊಬೈಲಿನಲ್ಲಿ ಬರೆದಳು.

"ಬಡಿಯದೆ ಎಣ್ಣೆ ಹಚ್ಚಿದವ ಶನಿಯಾರ ಅಂತನೂ ಬರಿ."

ಅವಳ ಬೆರಳು ನಿಂತಿತು. ಕೆಳಗೆ ಯಾರೋ ಚಾದ ಲೋಟ ಇಟ್ಟ ಸದ್ದಾಯಿತು. "ಅದು ಎಂತಕ್ಕೆ ಅಪ್ಪ?" ಎಂದಳು.

"ಕಾಲಿಟ್ಟದ್ದು ಹದಿನೆಂಟನೇ ಸಾಲಿಗೆ ಅಂತ ನೀ ಬರಿತೆ ಅಲ್ದಾ? ಅದರ ಕೆಳಗೇ ಬರಿ."

ರೇಖಾ ಎರಡನ್ನೂ ಬರೆದಳು. ಶನಿಯಾರ ಏಳನೆಯ ಪಕಾಸಿನ ಕಡೆಗೆ ತೆವಳಿದ.